ದವಾಖಾನೆಯ ಸರತಿ: ಲೆಕ್ಕಕ್ಕೆ ಸೇರದ ಒಂದು ವೆಚ್ಚ

ವೈದ್ಯನನ್ನು ಕಾಣುವುದಕ್ಕಾಗಿ ರೋಗಿಯು ಕಾದು ಕುಳಿತಿರುವ ಹೊತ್ತಿಗೂ ಒಂದು ಇತಿಹಾಸವುಂಟೆ ಎಂದು ಕೇಳಿದರೆ, ಪ್ರಶ್ನೆ ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆಸ್ಪತ್ರೆಗಳ ಸ್ಥಾಪನೆ, ದಾನಿಗಳ ಔದಾರ್ಯ, ಮಹಾಮಾರಿಗಳ ಹಾವಳಿ ಇವುಗಳ ಚರಿತ್ರೆಯನ್ನು ನಾವು ಓದಿದ್ದೇವೆ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿರುವ ನಮ್ಮವರನ್ನು ವಿಚಾರಿಸಿದರೆ, ಅವರು ಚಿಕಿತ್ಸೆಯ ವಿಷಯಕ್ಕಿಂತ ಮೊದಲು ಸರತಿಯ ವಿಷಯವನ್ನೇ ಹೇಳುತ್ತಾರೆ. ಉತ್ತರ ಕರ್ನಾಟಕದವರು ಪಾಳಿ ಎಂದಾರು, ಕರಾವಳಿಯವರು ಸಾಲು ಎಂದಾರು. ಅನುಭವ ಮಾತ್ರ ಒಂದೇ. ಇಷ್ಟು ಸಾರ್ವತ್ರಿಕವಾದ ಅನುಭವವು ನಮ್ಮ ದಾಖಲೆಗಳಲ್ಲಿ ಏಕೆ ಕಾಣುವುದಿಲ್ಲ, ಕಾಣದಿರುವುದರಿಂದ ಯಾರಿಗೆ ಏನು ನಷ್ಟವಾಗಿದೆ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೧

ಉಚಿತ ಚಿಕಿತ್ಸೆಯ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು, ಆ ಮಠವು ವಿದ್ಯೆಗೂ ಅನ್ನದಾನಕ್ಕೂ ನೆಲೆಯಾಗಿದ್ದಂತೆ ಅನಾಥರಾದ ರೋಗಿಗಳ ಚಿಕಿತ್ಸೆಗೂ ನೆಲೆಯಾಗಿದ್ದಿತೆಂದು ಸಾರುತ್ತದೆ. ಶಾಸನವು ದಾನವನ್ನು ದಾಖಲಿಸುತ್ತದೆ. ದಾನ ಪಡೆದವನು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದನೆಂಬುದನ್ನು ದಾಖಲಿಸುವುದು ಅದರ ಧರ್ಮವಲ್ಲ. ಆದುದರಿಂದ ಅದನ್ನು ದೂರುವಂತಿಲ್ಲ.

ಆದರೆ ಇಂಗ್ಲಿಷ್ ಆಡಳಿತವು ಲೆಕ್ಕದ ಆಡಳಿತವಾಗಿದ್ದಿತು. ೧೮೮೨ರಲ್ಲಿ ಪ್ರಕಟವಾದ ಠಾಣೆ ಜಿಲ್ಲೆಯ ಗೆಜೆಟಿಯರನ್ನಾಗಲಿ, ೧೮೮೪ರ ಧಾರವಾಡದ ಗೆಜೆಟಿಯರನ್ನಾಗಲಿ ತೆರೆದು ನೋಡಿದರೆ, ಯಾವ ದವಾಖಾನೆಯಲ್ಲಿ ಒಳರೋಗಿಗಳು ಎಷ್ಟು, ಹೊರರೋಗಿಗಳು ಎಷ್ಟು, ಖರ್ಚು ಎಷ್ಟು ಎಂಬ ವಿವರಗಳು ಅಚ್ಚುಕಟ್ಟಾಗಿ ದೊರೆಯುತ್ತವೆ. ಬ್ಯಾಂಕಿನ ಉದ್ಯೋಗದಲ್ಲಿರುವ ಈ ಲೇಖಕನಿಗೆ ಇಂಥ ಪಟ್ಟಿಗಳನ್ನು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅದು ಸಂಸ್ಥೆಯ ಖರ್ಚಿನ ಪುಸ್ತಕ. ರೋಗಿಯ ಖರ್ಚಿನ ಪುಸ್ತಕವಲ್ಲ. ಅವನು ನಡೆದ ದಾರಿ, ಕಳೆದುಕೊಂಡ ದಿನಗೂಲಿ, ಜಗಲಿಯ ಮೇಲೆ ಕಳೆದ ಹೊತ್ತು ಇವುಗಳಿಗೆ ಅದರಲ್ಲಿ ಒಂದು ಅಂಕಣವೂ ಇಲ್ಲ. ನಮ್ಮ ಆಸ್ಪತ್ರೆಗಳ ವಾರ್ಷಿಕ ವರದಿಗಳು ಬಹುಮಟ್ಟಿಗೆ ಆ ಮಾದರಿಯನ್ನೇ ಅನುಸರಿಸಿಕೊಂಡು ಬಂದಿವೆ.

೨

ಎಣಿಸಬೇಕೆಂಬ ಮನಸ್ಸಿದ್ದರೆ ಅದೇ ಆಡಳಿತವು ಎಷ್ಟು ಸೂಕ್ಷ್ಮವಾಗಿ ಎಣಿಸುತ್ತಿದ್ದಿತೆಂಬುದಕ್ಕೆ ಪ್ಲೇಗಿನ ಕಾಲವೇ ಸಾಕ್ಷಿ. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ೧೮೯೭ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಮುಂಬಯಿಯಿಂದ ಹೊರಟ ರೈಲು ಪ್ರಯಾಣಿಕರನ್ನು ಕಲ್ಯಾಣದಲ್ಲಿ ತಡೆದು ವೈದ್ಯರು ಪರೀಕ್ಷಿಸುವ ಏರ್ಪಾಡಾಯಿತು. ಕಲ್ಯಾಣದ ಚರಿತ್ರೆಯಲ್ಲಿ ಇದೊಂದು ವಿಪರ್ಯಾಸ. ಅಂದು ಅಲ್ಲಿ ವೈದ್ಯನೇ ಜನರಿಗಾಗಿ ಕಾದು ನಿಂತಿದ್ದನು; ಏಕೆಂದರೆ ರೋಗವು ವಾಣಿಜ್ಯವನ್ನೂ ರಾಜ್ಯವನ್ನೂ ಹೆದರಿಸಿದ್ದಿತು.

ರೈಲುಮಾರ್ಗವನ್ನೇ ಹಿಡಿದು ಪ್ಲೇಗು ಹುಬ್ಬಳ್ಳಿಗೆ ಮುಟ್ಟಿದಾಗ, ೧೮೯೮ರಲ್ಲಿ ಅಲ್ಲಿ ಹಾಫ್‌ಕಿನ್‌ರ ಲಸಿಕೆಯನ್ನು ಊರಿನ ಬಹುಪಾಲು ಜನರಿಗೆ ಹಾಕಲಾಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು ಎಂಬುದನ್ನು ವಾರವಾರವೂ ಬರೆದಿಟ್ಟರು. ಹಾಗೆ ಬರೆದಿಟ್ಟುದರಿಂದಲೇ ಹುಬ್ಬಳ್ಳಿಯ ಹೆಸರು ಜಗತ್ತಿನ ವೈದ್ಯ ಸಾಹಿತ್ಯದಲ್ಲಿ ಸೇರಿತು. ಎಣಿಕೆಯು ಬರಿಯ ಗುಮಾಸ್ತಗಿರಿಯಲ್ಲ. ಯಾವುದನ್ನು ಎಣಿಸುತ್ತೇವೆಯೋ ಅದು ಕ್ರಿಯೆಗೆ ಪ್ರೇರಣೆ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

೩

ಇನ್ನು ನಮ್ಮ ನಾಲ್ಕು ಊರುಗಳ ಕಡೆಗೆ ತಿರುಗೋಣ. ಮುಂಬಯಿಯಿಂದ ಠಾಣೆಗೆ ರೈಲು ಬಂದದ್ದು ೧೮೫೩ರಲ್ಲಿ, ಕಲ್ಯಾಣಕ್ಕೆ ೧೮೫೪ರಲ್ಲಿ. ಅಂದಿನಿಂದ ಈ ಪ್ರದೇಶದ ಬದುಕೆಲ್ಲ ಒಂದೇ ದಿಕ್ಕಿಗೆ ಹರಿಯಿತು. ಗಿರಣಿ, ಕಚೇರಿ, ಕಾಲೇಜುಗಳಂತೆ ದೊಡ್ಡ ಆಸ್ಪತ್ರೆಗಳೂ ಮುಂಬಯಿಯ ದ್ವೀಪದಲ್ಲಿಯೇ ನಿಂತವು: ೧೮೪೫ರಲ್ಲಿ ಜೆ.ಜೆ. ಆಸ್ಪತ್ರೆ, ೧೯೨೬ರಲ್ಲಿ ಪರೇಲಿನ ಕೆ.ಇ.ಎಂ., ೧೯೪೧ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ, ೧೯೪೭ರಲ್ಲಿ ಸಾಯನ್ ಆಸ್ಪತ್ರೆ. ಸ್ವಾತಂತ್ರ್ಯಾನಂತರ ಜನರು ಮಾತ್ರ ಹೊರಕ್ಕೆ ಸರಿದರು. ೧೯೬೨ರಲ್ಲಿ ಸ್ಥಾಪಿತವಾದ ರಾಜ್ಯದ ಉದ್ಯಮಾಭಿವೃದ್ಧಿ ನಿಗಮವು ಠಾಣೆಯ ವಾಗಳೆ ಎಸ್ಟೇಟನ್ನು ಬೆಳೆಸಿತು. ೧೯೭೦ರಲ್ಲಿ ಹುಟ್ಟಿದ ಸಿಡ್ಕೋ ಖಾರಿಯಾಚೆ ನವಿಮುಂಬಯಿಯನ್ನು ಕಟ್ಟಿತು. ಬಾಡಿಗೆಗೆ ಅಂಜಿದ ಮಧ್ಯಮ ವರ್ಗದವರು ಡೊಂಬಿವಲಿಯನ್ನು ತುಂಬಿದರು. ೨೦೧೧ರ ಜನಗಣತಿಯ ವೇಳೆಗೆ ಠಾಣೆ ನಗರದಲ್ಲಿ ೧೮ ಲಕ್ಷಕ್ಕೂ, ಕಲ್ಯಾಣ-ಡೊಂಬಿವಲಿಗಳಲ್ಲಿ ೧೨ ಲಕ್ಷಕ್ಕೂ, ನವಿಮುಂಬಯಿಯಲ್ಲಿ ೧೧ ಲಕ್ಷಕ್ಕೂ ಮಿಕ್ಕಿ ಜನರಿದ್ದರು.

ಜನರು ಸರಿದಷ್ಟು ಬೇಗ ಆಸ್ಪತ್ರೆಗಳು ಸರಿಯಲಿಲ್ಲ. ಠಾಣೆಯ ವಿಠ್ಠಲ ಸಾಯಣ್ಣ ಜಿಲ್ಲಾ ಆಸ್ಪತ್ರೆ, ಕಲ್ಯಾಣದ ರುಕ್ಮಿಣೀಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯ ನಗರಪಾಲಿಕೆಯ ಆಸ್ಪತ್ರೆ ಇವೆಲ್ಲ ದುಡಿದಿವೆ, ನಿಜ. ಆದರೆ ಠಾಣೆಗೆ ಸಾರ್ವಜನಿಕ ವೈದ್ಯಕೀಯ ಮಹಾವಿದ್ಯಾಲಯವೊಂದು ದೊರೆತದ್ದು ೧೯೯೨ರಲ್ಲಿ, ಕಳವಾದ ಆಸ್ಪತ್ರೆಯೊಡನೆ; ಅಂದರೆ ರೈಲು ಬಂದು ೧೩೯ ವರ್ಷಗಳಾದಮೇಲೆ. ಆದುದರಿಂದ ಇಲ್ಲಿನ ಸರತಿಯು ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುವುದಿಲ್ಲ. ನಸುಕಿನ ಲೋಕಲ್ ರೈಲಿನಲ್ಲಿಯೇ ಆರಂಭವಾಗುತ್ತದೆ. ೨೦೨೩ರ ಆಗಸ್ಟಿನಲ್ಲಿ, ಠಾಣೆಯ ಜಿಲ್ಲಾ ಆಸ್ಪತ್ರೆಯು ಮರುನಿರ್ಮಾಣಕ್ಕಾಗಿ ತನ್ನ ಸ್ಥಳದಿಂದ ತೆರವಾಗಿದ್ದ ಕಾಲದಲ್ಲಿ, ೫೦೦ ಹಾಸಿಗೆಗಳ ಕಳವಾ ಆಸ್ಪತ್ರೆಯಲ್ಲಿ ೨೪ ಗಂಟೆಗಳೊಳಗೆ ೧೮ ರೋಗಿಗಳು ಮೃತರಾದರು. ಅವರಲ್ಲಿ ಹಲವರು ವಿಷಮಾವಸ್ಥೆಯಲ್ಲಿಯೇ ಬಂದವರೆಂದು ಅಧಿಕಾರಿಗಳು ಹೇಳಿದರು. ಆ ಮಾತನ್ನು ಹಾಗೆಯೇ ಒಪ್ಪಿಕೊಂಡರೂ, ಅವರು ಅಷ್ಟು ತಡವಾಗಿ ಬಂದುದೇಕೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ಹೋಟೆಲು ಕಾರ್ಮಿಕರ ಸ್ಥಿತಿಯನ್ನು ವಿಶೇಷವಾಗಿ ನೆನೆಯಬೇಕು. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ೧೯೫೨ರಲ್ಲಿ ಕಾನಪುರ ಮತ್ತು ದೆಹಲಿಗಳಲ್ಲಿ ಮೊದಲು ಜಾರಿಗೆ ಬಂದು, ೧೯೫೪ರಲ್ಲಿ ಮುಂಬಯಿಯನ್ನು ಮುಟ್ಟಿತು. ಮೊದಲು ಅದು ಕಾರ್ಖಾನೆಗಳಿಗೆ ಅನ್ವಯಿಸಿತು. ಹೋಟೆಲುಗಳು ಅದರ ವ್ಯಾಪ್ತಿಗೆ ಬಂದುದು ಅನಂತರದ ಅಧಿಸೂಚನೆಗಳಿಂದ. ಅಲ್ಲಿಯವರೆಗೆ ದಕ್ಷಿಣ ಕನ್ನಡದಿಂದ ಬಂದ ಹುಡುಗನಿಗೆ ಜ್ವರವೆಂದರೆ ಕೆಲಸವೂ ಕೂಲಿಯೂ ಒಟ್ಟಿಗೆ ತಪ್ಪುವ ಕಾಲ. ಕಾಯಿದೆಯ ಆಶ್ರಯವಿದ್ದ ಕಾರ್ಮಿಕನಿಗೂ ಅನಾರೋಗ್ಯದ ಮೊದಲ ೨ ದಿನಗಳಿಗೆ ಸಾಮಾನ್ಯವಾಗಿ ಭತ್ಯವಿರಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ಕಳೆದ ಅರ್ಧ ದಿನವನ್ನು ತುಂಬಿಕೊಡುವ ನಿಯಮವಂತೂ ಯಾರಿಗೂ ಇರಲಿಲ್ಲ. ವೇತನ ಸಹಿತ ರಜೆಯುಳ್ಳ ನಮ್ಮಂಥವರು ಕಾಯುವುದಕ್ಕೂ ದಿನಗೂಲಿಯವನು ಕಾಯುವುದಕ್ಕೂ ಇರುವ ಅಂತರ ಇದು. ನಾವು ತಾಳ್ಮೆಯನ್ನು ಕಳೆದುಕೊಳ್ಳುತ್ತೇವೆ. ಅವನು ಅನ್ನವನ್ನು ಕಳೆದುಕೊಳ್ಳುತ್ತಾನೆ. ಆದುದರಿಂದಲೇ ಅವನು ದವಾಖಾನೆಗೆ ಹೋಗುವುದನ್ನು ಮುಂದೂಡುತ್ತಾನೆ, ರೋಗವನ್ನು ಬೆಳೆಯಗೊಡುತ್ತಾನೆ.

೪

ವೈದ್ಯರ ಕೊರತೆಯೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ವಾಡಿಕೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಸರ್ ಜೋಸೆಫ್ ಭೋರರ ಸಮಿತಿಯು ೧೯೪೬ರಲ್ಲಿ ಒಪ್ಪಿಸಿದ ವರದಿಯಂತೆ, ಬ್ರಿಟಿಷ್ ಭಾರತದಲ್ಲಿ ೬,೩೦೦ ಜನರಿಗೆ ಒಬ್ಬ ವೈದ್ಯನೂ ೪೩,೦೦೦ ಜನರಿಗೆ ಒಬ್ಬ ದಾದಿಯೂ ಇದ್ದರು. ಕೆಲವು ಔಷಧಾಲಯಗಳಲ್ಲಿ ಒಬ್ಬ ರೋಗಿಗೆ ವೈದ್ಯನೆದುರು ದೊರೆಯುತ್ತಿದ್ದ ಕಾಲ ಹೆಚ್ಚೆಂದರೆ ಒಂದು ನಿಮಿಷದಷ್ಟೆಂದು ಸಮಿತಿ ಕಂಡುಕೊಂಡಿತು. ಆ ಒಂದು ನಿಮಿಷವನ್ನು ಎಣಿಸಿದಂತೆ, ಅದರ ಹಿಂದಿನ ಗಂಟೆಗಳನ್ನು ಎಣಿಸುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಇಂಗ್ಲೆಂಡಿನಲ್ಲಿ ಅದು ಬೆಳೆಯಿತು. ನಾರ್ಮನ್ ಬೈಲಿ ಎಂಬ ಗಣಿತಜ್ಞರು ೧೯೫೨ರಲ್ಲಿ ಹೊರರೋಗಿ ವಿಭಾಗಗಳ ಸರತಿಯನ್ನು ಗಣಿತದಿಂದ ಪರಿಶೀಲಿಸಿ, ವೈದ್ಯನ ಕೆಲವೇ ನಿಮಿಷಗಳು ವ್ಯರ್ಥವಾಗದಿರಲೆಂದು ರೋಗಿಗಳ ಗಂಟೆಗಳನ್ನು ಧಾರಾಳವಾಗಿ ವ್ಯಯಮಾಡಲಾಗುತ್ತಿದೆಯೆಂದು ತೋರಿಸಿದರು. ಮೊದಲು ಇಬ್ಬರನ್ನು ಒಟ್ಟಿಗೆ ಕರೆದು, ಉಳಿದವರನ್ನು ಸರಾಸರಿ ತಪಾಸಣೆಯ ಅಂತರದಲ್ಲಿ ಕರೆಯುವುದೇ ಅವರು ಸೂಚಿಸಿದ ಕ್ರಮ.

ಇದರ ಮರ್ಮ ಸರಳ ಲೆಕ್ಕದಿಂದ ತಿಳಿಯುತ್ತದೆ. ಬೆಳಿಗ್ಗೆ ೯ ಗಂಟೆಗೆ ೬೦ ರೋಗಿಗಳು ಬಂದು ಕುಳಿತರೆಂದೂ, ಒಬ್ಬೊಬ್ಬರಿಗೆ ೩ ನಿಮಿಷ ಹಿಡಿಯುವುದೆಂದೂ ಭಾವಿಸೋಣ. ಕೊನೆಯವನು ೧೭೭ ನಿಮಿಷ ಕಾಯುವನು. ಎಲ್ಲರೂ ಕಾದ ಹೊತ್ತನ್ನು ಕೂಡಿಸಿದರೆ ೮೮ ಗಂಟೆ ೩೦ ನಿಮಿಷ, ಎಂದರೆ ೧೧ ದಿನಗೂಲಿಗಳ ಹೊತ್ತು. ೩೦ ಜನರನ್ನು ೯ ಗಂಟೆಗೂ ಉಳಿದ ೩೦ ಜನರನ್ನು ೧೦-೩೦ಕ್ಕೂ ಬರಹೇಳಿದರೆ ಈ ಮೊತ್ತ ೪೩ ಗಂಟೆ ೩೦ ನಿಮಿಷಕ್ಕೆ ಇಳಿಯುತ್ತದೆ. ವೈದ್ಯರ ಸಂಖ್ಯೆ ಹೆಚ್ಚಬೇಕಾಗಿಲ್ಲ, ಖರ್ಚೂ ಇಲ್ಲ. ವೈದ್ಯನು ಹೇಳಿದ ಹೊತ್ತಿಗೆ ಬಂದರೆ ಸಾಕು.

೨೦೨೩ರ ಆಗಸ್ಟ್ ೧೫ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತವಾಯಿತು. ಇದು ಸ್ತುತ್ಯವಾದ ಕಾರ್ಯ. ೨೦೨೨ರಲ್ಲಿ ಆರಂಭವಾದ, ಮೊಬೈಲಿನಿಂದ ನೋಂದಣಿ ಮಾಡಿಸುವ ರಾಷ್ಟ್ರೀಯ ಏರ್ಪಾಡು ಚೀಟಿಯ ಕಿಟಕಿಯ ಮುಂದಿನ ಸಾಲನ್ನು ಚಿಕ್ಕದು ಮಾಡುತ್ತದೆ. ವೈದ್ಯನ ಕೋಣೆಯ ಮುಂದಿನ ಸಾಲು ಬೇರೆ. ಹಣದ ಶುಲ್ಕ ಹೋದಮೇಲೂ ಹೊತ್ತಿನ ಶುಲ್ಕ ಉಳಿದಿದೆ, ಅದಕ್ಕೆ ರಸೀದಿಯಿಲ್ಲ.

ಉಡುಪಿಯ ಡಾ. ಟಿ.ಎಂ.ಎ. ಪೈಗಳು ಮೊದಲು ವೈದ್ಯರು, ಅನಂತರ ಬ್ಯಾಂಕಿಗರು. ೧೯೨೮ರಲ್ಲಿ ಅವರ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ, ಬಡ ಠೇವಣಿದಾರನು ಬ್ಯಾಂಕಿಗೆ ಬಂದು ಕಾಯಲಾರನೆಂಬ ಅರಿವಿದ್ದಿತು. ಬ್ಯಾಂಕೇ ಅವನ ಬಾಗಿಲಿಗೆ ಹೋಯಿತು. ಆ ಅರಿವನ್ನು ದವಾಖಾನೆಯ ಕಡೆಗೆ ತಿರುಗಿಸುವುದು ಅಸಾಧ್ಯವೇನಲ್ಲ. ನಮ್ಮ ಸಂಘಗಳು ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸಿದಾಗ ಬಂದವರ ಸಂಖ್ಯೆಯನ್ನು ವರದಿಯಲ್ಲಿ ಬರೆಯುತ್ತವೆ. ಅದರ ಪಕ್ಕದಲ್ಲಿ ಇನ್ನೆರಡು ಅಂಕಣಗಳನ್ನು ಎಳೆದು, ಪ್ರತಿಯೊಬ್ಬರೂ ಬಂದ ಹೊತ್ತನ್ನೂ ವೈದ್ಯರನ್ನು ಕಂಡ ಹೊತ್ತನ್ನೂ ಬರೆದಿಡಲಿ. ಹತ್ತು ವರ್ಷ ಹೀಗೆ ನಡೆದರೆ ಮುಂದಿನ ಇತಿಹಾಸಕಾರನಿಗೆ ಒಂದು ಆಧಾರವಾಗುತ್ತದೆ. ನಗರಪಾಲಿಕೆಯ ಮುಂದೆ ಮನವಿ ಹಿಡಿದು ನಿಲ್ಲುವವರ ಕೈಯಲ್ಲಿ ಅಂಕಿಗಳಿರುತ್ತವೆ. ಸದ್ಯಕ್ಕೆ ನಮ್ಮಿಂದ ಆಗಬಹುದಾದ ಕೆಲಸ ಇದು.