ಬೀಳು ಬಿದ್ದ ಹೊಲದ ಚರಿತ್ರೆ

ನಾಗಮಂಗಲದ ಕಡೆ ಇರುವ ನಮ್ಮ ರಾಗಿ ಹೊಲ ನೇಗಿಲು ಕಂಡು ಒಂಬತ್ತು ವರ್ಷವಾಯಿತು. ಮೊದಲು ಗರಿಕೆ, ತುಂಬೆ, ಕಾಂಗ್ರೆಸ್ ಗಿಡ ಬಂದವು. ಆಮೇಲೆ ತಂಗಡಿ, ಬಂದರಿಕೆ, ಲಂಟಾನ. ಈಗ ಹಕ್ಕಿಗಳು ಉದುರಿಸಿದ ಬೀಜದಿಂದ ಬೇವಿನ ಸಸಿಗಳು ಎದ್ದಿವೆ. ‘ಹೊಲ ಹಾಳ್‌ಬಿತ್ತು ಕಣ್ಮಗ, ಜೆಸಿಬಿ ಕರ್ಸಿ ಕೀಳ್ಸು’ ಎನ್ನುತ್ತಾಳೆ ಅವ್ವ. ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಸಸ್ಯ ಅನುಕ್ರಮ ಎಂಬ ಹೆಸರಿದೆ.

ಒಂದು ಸಸ್ಯಸಮುದಾಯ ನೆಲವನ್ನು ಹದಮಾಡಿ ಮುಂದಿನದಕ್ಕೆ ಬಿಟ್ಟುಕೊಡುತ್ತದೆ, ಕೊನೆಗೆ ಅಲ್ಲಿನ ಹವಾಮಾನಕ್ಕೆ ಒಪ್ಪುವ ಸ್ಥಿರ ಸಮುದಾಯ ನೆಲೆಗೊಳ್ಳುತ್ತದೆ ಎಂದು ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ವಾದಿಸಿದ. ಹಾಗೇನಿಲ್ಲ, ಯಾವ ಬೀಜ ಎಲ್ಲಿ ಬಿತ್ತೆಂಬ ಆಕಸ್ಮಿಕವೂ ಮುಖ್ಯ ಎಂದು ಹೆನ್ರಿ ಗ್ಲೀಸನ್ 1926ರಲ್ಲಿ ತಕರಾರು ತೆಗೆದ. ನಮ್ಮ ಸೀಮೆಯನ್ನು ಸುತ್ತಿದರೆ ಗ್ಲೀಸನ್ ಮಾತೇ ಹೆಚ್ಚು ಸರಿಯೆನಿಸುತ್ತದೆ. ಇಲ್ಲಿ ಬೀಜ ಹೊತ್ತು ತಂದದ್ದು ಗಾಳಿ, ಹಕ್ಕಿಗಳಷ್ಟೇ ಅಲ್ಲ, ಚರಿತ್ರೆ ಕೂಡ. ಲಂಟಾನ ಬಂದದ್ದು ವಸಾಹತು ಕಾಲದಲ್ಲಿ, ತೋಟದ ಅಲಂಕಾರಕ್ಕೆ.

ಶ್ರೀರಂಗಪಟ್ಟಣದಲ್ಲಿ 1792ರ ಮುತ್ತಿಗೆಯಲ್ಲಿ ಇಂಗ್ಲಿಷ್ ಸೇನೆ ಲಾಲ್‌ಬಾಗಿನ ಮರಗಳನ್ನು ಕಡಿದು ಯುದ್ಧಸಾಮಗ್ರಿ ಮಾಡಿಕೊಂಡಿತು. 1799ರಲ್ಲಿ ಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋಯಿತು. ಆರೈಕೆ ತಪ್ಪಿದ ಕೋಟೆಗೋಡೆಯ ಮೇಲೆ ಪಾಚಿ ಹತ್ತುತ್ತದೆ, ಅದರ ಮಣ್ಣಿನಲ್ಲಿ ಹುಲ್ಲು ಹುಟ್ಟುತ್ತದೆ, ಬಿರುಕಿನಲ್ಲಿ ಅರಳಿ ಬೇರಿಳಿಸುತ್ತದೆ. ಆ ಬೇರು ಕಲ್ಲನ್ನೇ ಸೀಳುತ್ತದೆ. ಅಲ್ಲಿ ಅನುಕ್ರಮವನ್ನು ತಡೆದರಷ್ಟೇ ಚರಿತ್ರೆ ಉಳಿಯುತ್ತದೆ.

ಕೆ.ಆರ್. ಪೇಟೆ ತಾಲ್ಲೂಕಿನ ವರಾಹನಾಥ ಕಲ್ಲಹಳ್ಳಿಯ ಬಳಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿದೆ. ನೀರು ಇಳಿದಾಗ ಗೋಡುಮಣ್ಣಿನ ಮೇಲೆ ಹುಲ್ಲು ಹಸಿರಾಗುತ್ತದೆ. ನೀರು ಏರಿದರೆ ಮುಳುಗುತ್ತದೆ. 1911ರಲ್ಲಿ ಶುರುವಾದ ಕಟ್ಟೆ ಕೆಲಸ ಆ ದಡಕ್ಕೆ ಮತ್ತೆಮತ್ತೆ ಮೊದಲಿನಿಂದ ಶುರುಮಾಡುವ ಬಾಳು ಕೊಟ್ಟಿತು.

ಇನ್ನು ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ಅಲ್ಲಿನ ಕುರುಚಲು ಗುಡ್ಡಗಳನ್ನು ತೋಳಗಳಿಗಾಗಿ 1974ರಲ್ಲಿ ವನ್ಯಧಾಮವೆಂದು ಘೋಷಿಸಿದರು. ಅಲ್ಲೆಲ್ಲ ಮರ ತುಂಬಿ ದಟ್ಟ ಕಾಡಾದರೆ ಕಾಡು ಗೆದ್ದಂತೆ ಕಾಣಬಹುದು. ಬಯಲಲ್ಲಿ ಬೇಟೆಯಾಡುವ ತೋಳ ಮಾತ್ರ ನೆಲೆ ಕಳೆದುಕೊಳ್ಳುತ್ತದೆ. ಮುಂದಿನ ಹಂತವೆಲ್ಲ ಮೇಲಿನ ಹಂತವಲ್ಲ.

ಇದು ಹೊಳೆದ ಮೇಲೆ ಅವ್ವನ ಮಾತೂ ಅರ್ಥವಾಯಿತು. ನನ್ನ ಲೆಕ್ಕ ಕೊನೆಯ ಉಳುಮೆಯಿಂದ ಶುರುವಾಗುತ್ತದೆ. ಅವಳದ್ದು, ಅಜ್ಜ ಪೊದೆ ಕಡಿದು, ಕಲ್ಲು ಆರಿಸಿ, ಬದು ಹಾಕಿದ ದಿನದಿಂದ. ಆ ರಾಗಿ ಹೊಲವೂ ಒಂದು ಸಸ್ಯಸಮುದಾಯವೇ, ಬೆವರಿನಿಂದ ತಡೆದು ನಿಲ್ಲಿಸಿದ್ದು.

ಈ ಮುಂಗಾರಿಗೆ ಲಂಟಾನ ಕೀಳಿಸಿ ಅರ್ಧ ಹೊಲ ಉಳುತ್ತೇವೆ. ಉಳಿದರ್ಧ ಬೇವಿಗೆ. ಅವ್ವ ಇನ್ನೂ ಪೂರ್ತಿ ಒಪ್ಪಿಲ್ಲ.