ಕಡಲೂ ಜನರೂ

ಕನ್ನಡದ ಅಧ್ಯಾಪಕನಿಗೂ ಸಮುದ್ರಕ್ಕೂ ಎತ್ತಣ ಸಂಬಂಧವೆಂದು ಗೆಳೆಯರು ನಗುವುದುಂಟು. ಅಷ್ಟಾದಶ ವರ್ಣನೆಗಳಲ್ಲಿ ಒಂದಾದ ಸಮುದ್ರವರ್ಣನೆಯನ್ನು ವರುಷ ವರುಷವೂ ಪಾಠ ಹೇಳುವವನು ನಾನು. ಆ ಸಮುದ್ರದಲ್ಲಿ ಮುತ್ತುರತ್ನಗಳಿವೆ, ಮೊಸಳೆ ತಿಮಿಂಗಿಲಗಳಿವೆ. ಬಲೆ ಎಳೆಯುವ ಮನುಷ್ಯನಿಗೆ ಮಾತ್ರ ಎಡೆ ಕಡಮೆ. ಕವಿಗಳನ್ನು ಆಕ್ಷೇಪಿಸಿ ಫಲವೇನು? ನಮ್ಮ ಕಾಲದ ವಿಜ್ಞಾನವೂ ಬಹುದಿನ ಅದೇ ದಾರಿ ಹಿಡಿದಿತ್ತು.

1947ರಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿತು. ಬೂತಾಯಿ ಬಂಗುಡೆಗಳ ಬಾಳಿನ ಲೆಕ್ಕವನ್ನು ಅಲ್ಲಿಯವರು ಶ್ರದ್ಧೆಯಿಂದ ಇಟ್ಟರು. ದೊಡ್ಡ ಕೆಲಸವೇ ಸರಿ. ಆದರೆ ಮೀನು ಹಿಡಿಯುವವನ ಬಾಳಿನ ಲೆಕ್ಕ? 1952ರ ಒಪ್ಪಂದದಂತೆ ನಾರ್ವೆ ದೇಶದ ನೆರವು ಕೇರಳದ ನೀಂಡಕರೆಗೆ ಬಂದಿತು. ಬಡ ಮೀನುಗಾರನ ಏಳಿಗೆಯೇ ಅದರ ಗುರಿ. ಬಂದದ್ದು ಯಂತ್ರದೋಣಿ, ಅದರ ಹಿಂದೆಯೇ ಸಿಗಡಿಯ ವಿದೇಶ ವ್ಯಾಪಾರ, ಕಡಲ ತಳವನ್ನು ಕೆರೆಯುವ ಟ್ರಾಲ್ ಬಲೆ. ಬಂಡವಾಳ ಉಳ್ಳವನಿಗೆ ಲಾಭವಾಯಿತು. ಈ ಕತೆಯನ್ನು ತಿರುವನಂತಪುರದ ಅರ್ಥಶಾಸ್ತ್ರಜ್ಞ ಜಾನ್ ಕುರಿಯನ್ 1985ರಲ್ಲಿ ವಿವರವಾಗಿ ಬರೆದರು.

ನಮ್ಮ ಕರಾವಳಿಯ ಕತೆಯೂ ಬೇರೆಯಲ್ಲ. ರಂಪಣಿ ಎಂದರೆ ದಡದಿಂದ ಎಳೆಯುವ ಭಾರಿ ಬಲೆ. ಹತ್ತಾರು ಜನ ಕೂಡಿ ಎಳೆಯಬೇಕು, ಸಿಕ್ಕಿದ್ದನ್ನು ಪಾಲು ಹಂಚಿಕೊಳ್ಳಬೇಕು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು, ಮೀನಿನ ಹಿಂಡು ದಡಕ್ಕೆ ಸರಿಯುವ ಮೊದಲೇ ನಡುನೀರಿನಲ್ಲಿ ಬಳಸಿ ಹಿಡಿದವು. ರಂಪಣಿ ಮೂಲೆ ಸೇರಿತು.

ಹೀಗೆ ಊರೂರಿಗೂ ಒಂದೇ ನೋವು. ಇಲ್ಲಿಯ ನೋವು ಅಲ್ಲಿಯವರಿಗೆ ತಿಳಿಯಬೇಕಲ್ಲ! 1984ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ರೋಮಿನಲ್ಲಿ ಸರ್ಕಾರಗಳ ಮೀನುಗಾರಿಕೆ ಸಮ್ಮೇಳನ ನಡೆಸಿತು. ಅದೇ ಊರಿನಲ್ಲಿ, ಅದೇ ದಿನಗಳಲ್ಲಿ, 30ಕ್ಕೂ ಹೆಚ್ಚು ದೇಶಗಳ ಮೀನುಗಾರರೂ ಅವರ ಹಿತೈಷಿಗಳೂ ಬೇರೆಯಾಗಿ ಸೇರಿದರು. ಎರಡು ವರುಷದ ತರುವಾಯ, 1986ರಲ್ಲಿ, ತಿರುವನಂತಪುರದಲ್ಲಿ ಮೀನುಗಾರರ ಬೆಂಬಲಕ್ಕೆಂದು ಒಂದು ಅಂತರರಾಷ್ಟ್ರೀಯ ಕೂಟ ಹುಟ್ಟಿತು. ಸಂಶೋಧಕರು, ಶಿಕ್ಷಕರು, ವಿಜ್ಞಾನಿಗಳು, ಊರಲ್ಲಿ ನಿಂತು ದುಡಿಯುವವರು ತಂತಮ್ಮ ಹೆಸರಿನಲ್ಲಿಯೇ ಅದರ ಸದಸ್ಯರು. ಸರ್ಕಾರದ ಪರವಾಗಿ ಬಂದವರಲ್ಲ. ಇದು ನನಗೆ ತುಂಬ ಹಿಡಿಸಿದ ಸಂಗತಿ. ಸಮಿತಿಗಳಲ್ಲಿ ಕುಳಿತು ಬೇಸತ್ತವರಿಗೆ ಇದರ ಬೆಲೆ ತಿಳಿದೀತು. ಅವರ ಪತ್ರಿಕೆಯ ಹೆಸರು ‘ಸಮುದ್ರ’. ಸಣ್ಣ ಮೀನುಗಾರರ ಹಿತಕ್ಕಾಗಿ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಮಾರ್ಗಸೂಚಿಗಳ ಹಿಂದೆ ಈ ಕೂಟದ ದುಡಿಮೆಯೂ ಉಂಟು.

ವಿಶ್ವವಿದ್ಯಾಲಯಗಳು ತಡವಾಗಿ ಎಚ್ಚತ್ತವು. ತಮಿಳು ಕರಾವಳಿಯ ಮೀನುಗಾರರ ಕಟ್ಟುಪಾಡುಗಳನ್ನು ಅಭ್ಯಸಿಸಿದ ಡಚ್ ವಿದ್ವಾಂಸ ಮಾರ್ಟನ್ ಬಾವಿಂಕ್ ಮೊದಲಾದವರು ಆಮ್‌ಸ್ಟರ್‌ಡಾಮಿನಲ್ಲಿ ಒಂದು ಕೇಂದ್ರ ಕಟ್ಟಿದರು. 2001ರಲ್ಲಿ ಅವರು ಮೊದಲು ಕೂಡಿಸಿದ ಸಮ್ಮೇಳನಮಾಲೆಯ ಹೆಸರೇ ‘ಜನರು ಮತ್ತು ಕಡಲು’.

ಕಳೆದ ವರುಷ ವಿದ್ಯಾರ್ಥಿಗಳೊಡನೆ ಉಡುಪಿಯ ಕಡೆಯ ಒಂದು ಮೀನುಗಾರರ ಊರಿಗೆ ಹೋಗಿದ್ದೆ. ರಂಪಣಿ ಎಳೆದ ಅಜ್ಜರೊಬ್ಬರು, ನೀರಿನ ಬಣ್ಣ ನೋಡಿ ಮೀನಿನ ಹಿಂಡನ್ನು ಗುರುತಿಸುವ ಬಗೆಯನ್ನು ಎರಡು ಗಂಟೆ ಹೇಳಿದರು. ಒಂದೊಂದು ಬಣ್ಣಕ್ಕೂ ಒಂದೊಂದು ಮಾತು. ಯಾವುದೂ ನನ್ನ ಮನೆಯ ನಿಘಂಟಿನಲ್ಲಿ ಇಲ್ಲ. ನಾನು ಬರೆದುಕೊಳ್ಳುತ್ತಿದ್ದುದನ್ನು ಕಂಡು, “ಇದನ್ನೆಲ್ಲ ಬರ್ದು ಯಾರಿಗೆ ಕೊಡ್ಲಿಕ್ಕುಂಟು, ಮಾಷ್ಟ್ರೆ?” ಎಂದರು.

“ಕಡಲಿನ ಜನರ ವಿಷಯ ಬರೆಯುವವರು ತಿರುವನಂತಪುರದಲ್ಲಿ, ಮದರಾಸಿನಲ್ಲಿ ಇದ್ದಾರೆ ಅಜ್ಜ, ಅವರಿಗೆ ಕಳಿಸಬಹುದು” ಎಂದೆ.

ಅಜ್ಜರು ಸ್ವಲ್ಪ ಯೋಚಿಸಿದರು. “ಅವರಿಗೆ ತುಳು ಬರ್ತದಾ?”