ಆಣೆಯಿಲ್ಲದ ಮಾತು: ಕ್ವೇಕರರ ಪ್ರಮಾಣ ನಿರಾಕರಣೆಯ ಚರಿತ್ರೆ

ನಾಲಗೆಯ ಹತೋಟಿಯನ್ನು ಕ್ರೈಸ್ತ ನೀತಿಬೋಧೆ ಮೊದಲಿನಿಂದಲೂ ಶೀಲದ ಒರೆಗಲ್ಲೆಂದೇ ಕಂಡಿದೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿ ಮೂರನೆಯ ಅಧ್ಯಾಯದ ಮೊದಲ ಭಾಗವೆಲ್ಲ ಇದಕ್ಕೇ ಮೀಸಲು. ಈ ಬೋಧೆ ಪ್ರವಚನಪೀಠದಿಂದ ಇಳಿದು ಒಂದು ದೇಶದ ಕಾನೂನನ್ನೇ ತಿದ್ದಿದ್ದು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ, ಆಣೆಯಿಡೆವೆಂಬ ಕ್ವೇಕರ್ ಪಂಥದವರ ಹಟದಿಂದ. ಆ ಹಟದ ತರ್ಕವನ್ನೂ ಅದರ ಫಲವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿವಾದದ ಮೂಲ ಬೈಬಲಿನಲ್ಲೇ ಇದೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಆಣೆಯಿಡುವುದನ್ನು ನಿಷೇಧಿಸುತ್ತಾನೆ; ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವೂ ಅದನ್ನೇ ಹೇಳುತ್ತದೆ. ಆದರೆ ಬಹುಪಾಲು ಸಭೆಗಳು ಈ ನಿಷೇಧ ಹುಸಿ ಆಣೆ, ವ್ಯರ್ಥ ಆಣೆಗಳಿಗೆ ಮಾತ್ರ ಅನ್ವಯಿಸುತ್ತದೆಂದು ವ್ಯಾಖ್ಯಾನಿಸಿದವು. ಆಂಗ್ಲಿಕನ್ ಸಭೆಯ 39ನೆಯ ವಿಧಿ ಅಧಿಕಾರಿಯ ಆದೇಶದ ಮೇರೆಗೆ ಮಾಡುವ ಪ್ರಮಾಣಕ್ಕೆ ಒಪ್ಪಿಗೆ ಕೊಟ್ಟಿತು. ಇದಕ್ಕೆ ವಿರುದ್ಧವಾಗಿ, 1527ರ ಶ್ಲೈಟ್‌ಹೈಮ್ ನಿರ್ಣಯದಲ್ಲಿ ಅನಾಬ್ಯಾಪ್ಟಿಸ್ಟರು ಎಲ್ಲ ಬಗೆಯ ಆಣೆಯನ್ನೂ ತಳ್ಳಿಹಾಕಿದ್ದರು.

ಕ್ವೇಕರ್ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ (1624–1691) ಮತ್ತು ಅವನ ಅನುಯಾಯಿಗಳ ವಾದ ಸರಳ. ಆಣೆಯಿಟ್ಟಾಗ ಮಾತ್ರ ಸತ್ಯ ಕಡ್ಡಾಯವೆಂದರೆ ಉಳಿದ ಹೊತ್ತಿನಲ್ಲಿ ಸುಳ್ಳಿಗೆ ರಿಯಾಯಿತಿ ಕೊಟ್ಟಂತೆ. ದೇವರ ಮುಂದೆ ಬದುಕುವವನಿಗೆ ಸಂತೆಯ ಮಾತಿಗೂ ಸಾಕ್ಷಿಕಟ್ಟೆಯ ಮಾತಿಗೂ ತೂಕ ಒಂದೇ ಆಗಿರಬೇಕು. ಆದ್ದರಿಂದಲೇ ಕ್ವೇಕರ್ ವ್ಯಾಪಾರಿಗಳು ಚೌಕಾಸಿ ಬಿಟ್ಟು ಒಂದೇ ಬೆಲೆ ಹೇಳಿದರು. ಮೊದಮೊದಲು ದೂರ ಸರಿದ ಗಿರಾಕಿಗಳು, ಮಗುವನ್ನು ಕಳಿಸಿದರೂ ಮೋಸವಾಗದೆಂದು ತಿಳಿದ ಮೇಲೆ ಅವರ ಅಂಗಡಿಗಳಿಗೇ ಬರತೊಡಗಿದರೆಂದು ಫಾಕ್ಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಕ್ವೇಕರನೇ ಆದ ವಿಲಿಯಂ ಪೆನ್ 1675ರಲ್ಲಿ ಪ್ರಮಾಣಗಳ ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿ ಈ ನಿಲುವಿಗೆ ಶಾಸ್ತ್ರಾಧಾರ ಒದಗಿಸಿದ.

ಪ್ರಭುತ್ವಕ್ಕೆ ಇದು ರಾಜದ್ರೋಹವಾಗಿ ಕಂಡಿತು. 1605ರ ಸಿಡಿಮದ್ದಿನ ಸಂಚಿನ ನಂತರ ಕ್ಯಾಥೊಲಿಕರನ್ನು ಗುರಿಯಾಗಿಸಿ ರೂಪಿಸಿದ್ದ ರಾಜನಿಷ್ಠೆಯ ಪ್ರಮಾಣ ಈಗ ಕ್ವೇಕರರಿಗೆ ಉರುಳಾಯಿತು. 1662ರ ಕಾಯಿದೆ ಮೊದಲ ತಪ್ಪಿಗೆ ಐದು ಪೌಂಡ್, ಎರಡನೆಯದಕ್ಕೆ ಹತ್ತು ಪೌಂಡ್ ದಂಡ, ಮೂರನೆಯದಕ್ಕೆ ಗಡೀಪಾರು ವಿಧಿಸಿತು. 1664ರಲ್ಲಿ ಲ್ಯಾಂಕಾಸ್ಟರ್ ನ್ಯಾಯಾಲಯದಲ್ಲಿ ಫಾಕ್ಸ್‌ನ ಕೈಗೆ ಬೈಬಲ್ ಕೊಟ್ಟು ಪ್ರಮಾಣ ಮಾಡೆಂದಾಗ, ಆಣೆ ಬೇಡವೆನ್ನುವ ಪುಸ್ತಕ ಹೊರಗಿರುವಾಗ ಅದರಂತೆ ನಡೆದವನನ್ನು ಸೆರೆಯಲ್ಲಿಡುವುದೇಕೆಂದು ಆತ ಪ್ರಶ್ನಿಸಿದ. ಅದೇ ವರ್ಷ ಅಲ್ಲಿಯೇ ಕ್ವೇಕರ್ ಮುಂದಾಳು ಮಾರ್ಗರೆಟ್ ಫೆಲ್‌ಗೆ ಆಸ್ತಿ ಮುಟ್ಟುಗೋಲು ಮತ್ತು ಸೆರೆವಾಸದ ತೀರ್ಪಾಯಿತು; ಆಕೆ ಬಿಡುಗಡೆಯಾದದ್ದು 1668ರಲ್ಲಿ. ಸೆರೆಗೆ ಹೋಗದವರಿಗೂ ನಷ್ಟ ತಪ್ಪಲಿಲ್ಲ. ಪ್ರಮಾಣವಿಲ್ಲದ ಸಾಕ್ಷ್ಯಕ್ಕೆ ಬೆಲೆಯಿಲ್ಲದ್ದರಿಂದ ಸಾಲ ವಸೂಲಿಗೂ ಉಯಿಲಿನ ಊರ್ಜಿತಕ್ಕೂ ಅವರು ನ್ಯಾಯಾಲಯದ ಮೊರೆಹೋಗುವುದು ಕಷ್ಟವಾಯಿತು.

ಕಾನೂನು ಮಣಿದದ್ದು ಹಂತಹಂತವಾಗಿ. 1689ರ ಸಹಿಷ್ಣುತಾ ಕಾಯಿದೆ ನಿಷ್ಠೆಯ ಪ್ರಮಾಣದ ಬದಲು ಘೋಷಣೆಗೆ ಅವಕಾಶ ಕೊಟ್ಟಿತು. 1696ರಲ್ಲಿ ಸಿವಿಲ್ ವ್ಯಾಜ್ಯಗಳಲ್ಲಿ ಆಣೆಯ ಬದಲು ದೃಢೀಕರಣ ಸಾಕೆಂದಾಯಿತು. ಆದರೆ ಅದರಲ್ಲೂ ದೇವರನ್ನು ಸಾಕ್ಷಿಯಾಗಿ ಕರೆಯುವ ಮಾತಿತ್ತೆಂದು ಕೆಲವು ಕ್ವೇಕರರು ಆಕ್ಷೇಪಿಸಿದ್ದರಿಂದ 1722ರಲ್ಲಿ ಒಕ್ಕಣೆ ಬದಲಾಯಿತು. ಕ್ರಿಮಿನಲ್ ಮೊಕದ್ದಮೆಗಳ ಸಾಕ್ಷ್ಯಕ್ಕೆ ಈ ಸೌಲಭ್ಯ ವಿಸ್ತರಿಸಿದ್ದು 1828ರಲ್ಲಿ. 1833ರಲ್ಲಿ ಜೋಸೆಫ್ ಪೀಸ್ ದೃಢೀಕರಣ ಮಾಡಿ ಪಾರ್ಲಿಮೆಂಟಿನಲ್ಲಿ ಆಸನ ಪಡೆದ ಮೊದಲ ಕ್ವೇಕರನಾದ. ನಾಸ್ತಿಕ ಸಂಸದ ಚಾರ್ಲ್ಸ್ ಬ್ರಾಡ್ಲಾ ನಡೆಸಿದ ಹೋರಾಟದ ಫಲವಾದ 1888ರ ಕಾಯಿದೆ, ದೇವರನ್ನು ನಂಬದವರಿಗೂ ಅದೇ ಹಕ್ಕನ್ನು ನೀಡಿತು. ಗಾಢ ದೈವಭಕ್ತಿಯಿಂದ ಹುಟ್ಟಿದ ರಿಯಾಯಿತಿ ಕೊನೆಗೆ ನಾಸ್ತಿಕನಿಗೂ ಆಸರೆಯಾದದ್ದು ಈ ಚರಿತ್ರೆಯ ವಿಶೇಷ.

ಕ್ವೇಕರರಿಗೆ ದೊರೆತದ್ದು ಸತ್ಯದಿಂದ ವಿನಾಯಿತಿಯಲ್ಲ. 1696ರ ಕಾಯಿದೆಯೇ ಹುಸಿ ದೃಢೀಕರಣಕ್ಕೆ ಸುಳ್ಳು ಪ್ರಮಾಣದಷ್ಟೇ ಶಿಕ್ಷೆ ನಿಗದಿ ಮಾಡಿತ್ತು. ಮಾತಿನ ಹೊಣೆ ಆಣೆಯಿಂದ ಆಡಿದವನ ಹೆಗಲಿಗೆ ಬಂತು. ಭಾರತ ಸಂವಿಧಾನದ ಮೂರನೆಯ ಅನುಸೂಚಿಯಲ್ಲೂ ದೇವರ ಹೆಸರಿನ ಪ್ರಮಾಣ ಮತ್ತು ದೃಢೀಕರಣ ಅಕ್ಕಪಕ್ಕದಲ್ಲಿವೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಮ್ಮ ಸಚಿವರು, ಸಂಸದರು, ಶಾಸಕರು ಹೊರುವ ಹೊಣೆ ಒಂದೇ.